ಮ್ಯಾಚಿಂಗ್ ಸೆಂಟರಿನ ಶಂಕರಮ್ಮ ಕಂಡ ಕೆಂಪು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ಕೊಳ್ಳುವುದೇನೂ ದೊಡ್ಡ ವಿಷಯವಲ್ಲ. ಪಾಡು ಶುರುವಾಗುವುದು ಆಮೇಲೆ. ಆ ಸೀರೆಗೆ ಸರಿಹೊಂದುವ ರವಿಕೆ ಬಟ್ಟೆ ಬೇಕು, ಒಳಗೆ ಹಾಕಲು ಲೈನಿಂಗ್ ಬೇಕು, ಫಾಲ್ಸ್ ಬೇಕು, ಹೊಲಿಯಲು ಅದೇ ಬಣ್ಣದ ದಾರವೂ ಬೇಕು. ಇಷ್ಟನ್ನೂ ಒಂದೇ ಕಡೆ ಕೊಡುವ ಅಂಗಡಿಗೆ ಮ್ಯಾಚಿಂಗ್ ಸೆಂಟರ್ ಎನ್ನುತ್ತಾರೆ. ಶಿವಯೋಗಪ್ಪನವರ ಮ್ಯಾಚಿಂಗ್ ಸೆಂಟರ್ ಹತ್ತಡಿ ಅಗಲದ ಗೂಡು. ಗೋಡೆ ಕಾಣದ ಹಾಗೆ ನೆಲದಿಂದ ಚಾವಣಿಯವರೆಗೂ ಬಟ್ಟೆಯ ಸುರುಳಿಗಳು. ಅವುಗಳ ನಡುವೆ ಹತ್ತೊಂಬತ್ತು ವರ್ಷದಿಂದ ಕತ್ತರಿ ಹಿಡಿದು ನಿಂತಿರುವವಳು ಭದ್ರಾವತಿಯ ಶಂಕರಮ್ಮ. ವಯಸ್ಸು ನಲವತ್ತೆರಡು.

"ಒಂದು ಕೆಂಪು ಬ್ಲೌಸ್ ಪೀಸ್ ಕೊಡಿ" ಎಂದು ಯಾರಾದರೂ ಕೇಳಿದರೆ ಅವಳಿಗೆ ರೇಗುತ್ತದೆ. ಯಾವ ಕೆಂಪು? ಕುಂಕುಮದ್ದೋ, ಇಟ್ಟಿಗೆಯದ್ದೋ, ದಾಳಿಂಬೆಯದ್ದೋ, ಒಣಮೆಣಸಿನಕಾಯಿಯದ್ದೋ? ಅಂಗಡಿಯಲ್ಲಿ ಹದಿನೇಳು ಕೆಂಪುಗಳಿವೆ. ಹಸಿರಿನ ಲೆಕ್ಕ ಕೇಳಲೇಬೇಡಿ. ಗಿಣಿ ಹಸಿರು, ಪಾಚಿ ಹಸಿರು, ಬಾಳೆಎಲೆ ಹಸಿರು ಎಂದು ಶುರುಮಾಡಿದರೆ ಗಿರಾಕಿಗೆ ತಲೆ ತಿರುಗಬೇಕು, ಅಷ್ಟಿವೆ. ಯಾರೇ ಸೀರೆ ತಂದರೂ ಶಂಕರಮ್ಮ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಒಂದು ಸಲ ನೋಡಿ, ಎರಡು ಮೂರು ಸುರುಳಿ ಎಳೆದುಕೊಂಡು, ಗಿರಾಕಿಯನ್ನೂ ಕರೆದುಕೊಂಡು ಅಂಗಡಿಯ ಮೆಟ್ಟಿಲಿಗೆ ಹೋಗುತ್ತಾಳೆ. ಅಲ್ಲಿ ಹಗಲಿನ ಬೆಳಕಿನಲ್ಲಿ ಸೀರೆಯನ್ನೂ ಬಟ್ಟೆಯನ್ನೂ ಪಕ್ಕಪಕ್ಕ ಹಿಡಿದು ನೋಡದೆ ಕತ್ತರಿ ಹಾಕುವವಳಲ್ಲ.

ಇದು ಅವಳಿಗೆ ಹುಟ್ಟುತ್ತಲೇ ಬಂದ ಬುದ್ಧಿಯಲ್ಲ, ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕುಂಸಿಯಿಂದ, ಅಂದರೆ ಅವಳ ತವರೂರಿನಿಂದಲೇ, ಮದುವೆ ಹೆಣ್ಣಿನ ಕಡೆಯವರು ಸೀರೆ ಹಿಡಿದು ಬಂದಿದ್ದರು. ಸಂಜೆಯ ರಶ್ಶು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಕೆಂಪಾಗಿ ಕಂಡವು, ಹರಿದು ಕೊಟ್ಟಳು. ಮದುವೆಯ ದಿನ ಹೆಣ್ಣು ಚಪ್ಪರದಿಂದ ಹೊರಗೆ ಬಂದು ಫೋಟೋಗೆ ನಿಂತರೆ ಸೀರೆ ಒಂದು ಬಣ್ಣ, ರವಿಕೆ ಇನ್ನೊಂದು ಬಣ್ಣ! ನಾಲ್ಕನೇ ದಿನ ಹೆಣ್ಣಿನ ತಾಯಿ ಅಂಗಡಿಗೆ ಬಂದು ಆ ರವಿಕೆಯನ್ನು ಶಂಕರಮ್ಮನ ಮುಖಕ್ಕೇ ಎಸೆದಳು. ಬಜಾರಿನ ಅರ್ಧ ಜನ ನಿಂತು ನೋಡಿದರು. ಅಂದು ಬಸ್ಸಿನಲ್ಲಿ ಭದ್ರಾವತಿಯವರೆಗೂ ಅಳುತ್ತಲೇ ಹೋದಳು. ಮರುದಿನ ಬೆಳಿಗ್ಗೆ ಬಂದವಳೇ ಅಂಗಡಿಯ ಕೆಂಪುಗಳನ್ನೆಲ್ಲ ಒಂದೊಂದಾಗಿ ಮೆಟ್ಟಿಲಿಗೆ ಒಯ್ದು ನೋಡಿದಳು. ಬಲ್ಬಿನ ಕೆಳಗೆ ಅಕ್ಕತಂಗಿಯರ ಹಾಗಿರುವ ಬಣ್ಣಗಳು ಹಗಲಿಗೆ ಬಂದರೆ ಪರಿಚಯವೇ ಇಲ್ಲದವರಂತೆ ನಿಲ್ಲುತ್ತವೆ ಎಂಬುದು ಅವತ್ತು ಅವಳಿಗೆ ತಿಳಿಯಿತು.

ಇಂಥ ಶಂಕರಮ್ಮ ಎರಡು ವರ್ಷದ ಕೆಳಗೆ ಕಾಲೇಜಿಗೆ ಸೇರಿದಳು. ಪಿಯುಸಿ ಮುಗಿದ ತಿಂಗಳಲ್ಲೇ ಮದುವೆಯಾಗಿ, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ಬಂದವಳು ಅವಳು. ಮಗಳ ಡಿಗ್ರಿಯೂ ಮುಗಿದ ಮೇಲೆ, ಇನ್ನು ತನ್ನ ಸರದಿ ಎಂದು ಶಿವಮೊಗ್ಗದ ಬೆಳಗಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಎಂಟರಿಂದ ಹನ್ನೆರಡೂವರೆ ಕ್ಲಾಸು, ಒಂದು ಗಂಟೆಯಿಂದ ಅಂಗಡಿ. ಗಂಡ ಪ್ರಕಾಶ್, "ಈ ವಯಸ್ಸಲ್ಲಿ ಯಾಕೆ ಮಾರಾಯ್ತಿ?" ಎಂದು ನಕ್ಕ. ನಕ್ಕರೂ ಬೆಳಿಗ್ಗೆ ಆರೂ ಮುಕ್ಕಾಲಿನ ಬಸ್ಸಿಗೆ ಬಿಡುವವನು ಅವನೇ.

ಯಾಕೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಜನ ಅವಳ ಕಣ್ಣನ್ನು ನಂಬಿ ಬಟ್ಟೆ ಕೊಂಡಿದ್ದರು. ಆದರೆ ಅದನ್ನು ತಿಳಿವಳಿಕೆ ಎಂದು ಒಬ್ಬರೂ ಕರೆದಿರಲಿಲ್ಲ. ಬಟ್ಟೆ ಹರಿಯುವವಳಿಗೆ ಬಟ್ಟೆ ಹರಿಯಲು ಬರುತ್ತದೆ, ಅಷ್ಟೇ. ತನಗೆ ಗೊತ್ತಿರುವುದೂ ಒಂದು ವಿದ್ಯೆ ಎಂದು ಓದಿದವರೊಬ್ಬರ ಬಾಯಲ್ಲಿ ಕೇಳಬೇಕೆಂಬ ಆಸೆ ಅವಳಿಗಿತ್ತು. ಹುಚ್ಚು ಆಸೆಯೇ ಇರಬಹುದು. ನನಗಂತೂ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ನಾಲ್ಕನೇ ಸೆಮಿಸ್ಟರಿನಲ್ಲಿ ಕಲೆಯ ರಸಗ್ರಹಣ ಎಂಬ ಪೇಪರು ಇತ್ತು. ಪಾಠ ಮಾಡುವವರು ಪ್ರಸನ್ನಕುಮಾರ್ ಸರ್, ಶಂಕರಮ್ಮನಿಗಿಂತ ಏಳೆಂಟು ವರ್ಷ ಚಿಕ್ಕವರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕದಲ್ಲಿ ಇಲ್ಲದ್ದನ್ನು ಸುಲಭಕ್ಕೆ ಒಪ್ಪುವವರಲ್ಲ. ಫೆಬ್ರವರಿಯಲ್ಲಿ ಅವರು ಕ್ಲಾಸಿನವರನ್ನೆಲ್ಲ ಕೋಟೆ ರಸ್ತೆಯ ಹತ್ತಿರ ಒಂದು ಹಳೇ ಮನೆಯನ್ನು ಗ್ಯಾಲರಿ ಮಾಡಿದ್ದ ಕಡೆಗೆ ಕರೆದೊಯ್ದರು. ಅಲ್ಲಿ "ಬಣ್ಣ ಮತ್ತು ಬರಹ" ಎಂಬ ಚಿತ್ರ ಪ್ರದರ್ಶನ. ಪ್ರತಿಯೊಬ್ಬರೂ ಒಂದು ಚಿತ್ರ ಆರಿಸಿಕೊಂಡು, ಅದರ ಬಣ್ಣ ಮತ್ತು ಬರಹ ತಮಗೆ ಏನು ಹೇಳಿತು ಎಂದು ಎರಡು ಪುಟ ಬರೆಯಬೇಕು. ಅದಕ್ಕೆ ಹತ್ತು ಅಂಕ. ಎಲ್ಲಕ್ಕಿಂತ ಚೆನ್ನಾಗಿ ಬರೆದವರು ಭಾನುವಾರ, ಪ್ರದರ್ಶನದ ಕೊನೆಯ ದಿನ, ಜನರೆದುರು ಅದನ್ನು ಓದಬೇಕು.

ಚಿತ್ರ ಬರೆದವರು ಮುರುಗೇಶಪ್ಪ, ಎಂಬತ್ತು ವರ್ಷದವರು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ, ಬಣ್ಣದ ಕಾಗದಕ್ಕೆ ಬಣ್ಣ ಬೆರೆಸುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಂಡಿ ನೋವಿನಿಂದ ಹೊರಗೆ ಬರಲಾರರು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಅವರ ಮಗಳು ರಶ್ಮಿ. ಚಿತ್ರಗಳೆಂದರೆ ದೊಡ್ಡ ದೊಡ್ಡ ಕಾಗದದ ತುಂಬ ಒಂದೇ ಬಣ್ಣ, ಅದರ ಮೇಲೆ ಒಂದೆರಡು ಸಾಲು ಬರಹ. ನೀಲಿಯ ಮೇಲೆ "ಎರಡನೇ ಪಾಳಿ ಬಿಟ್ಟಿತು" ಎಂದಿತ್ತು. ಹಳದಿಯ ಮೇಲೆ "ಬರುವಾಗ ಕೊತ್ತಂಬರಿ ಸೊಪ್ಪು ತರಲು ಹೇಳಿದ್ದಳು, ಮರೆತೆ" ಎಂದಿತ್ತು. ಶಂಕರಮ್ಮ ಅದನ್ನು ಓದಿ ನಕ್ಕುಬಿಟ್ಟಳು. ಚಿತ್ರ ಅಂದರೆ ಇಷ್ಟು ಹತ್ತಿರದ್ದಾಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಹಿಂದಿನ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ. ಆಳುದ್ದದ ಚೌಕಟ್ಟಿನಲ್ಲಿ ಬರೀ ಕೆಂಪು, ಒಂದು ಅಕ್ಷರವೂ ಇಲ್ಲ. ಕೆಳಗಿನ ಚೀಟಿಯಲ್ಲಿ "ಶೀರ್ಷಿಕೆ ಇಲ್ಲ" ಎಂದಷ್ಟೇ ಇತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ, ಮೇಲಿನಿಂದ ಹಳದಿ ದೀಪ ಬಿಟ್ಟಿದ್ದರು. ಪ್ರಸನ್ನಕುಮಾರ್ ಸರ್ ಅದರ ಮುಂದೆ ನಿಂತು, "ಇಲ್ಲಿ ಕಲಾವಿದ ಮಾತನ್ನೇ ಬಿಟ್ಟಿದ್ದಾರೆ ನೋಡಿ. ಇದು ಮೌನ" ಎಂದರು. ಹುಡುಗರು ಬರೆದುಕೊಂಡರು.

ಆಗಲೇ ಯಾರೋ ಟೀ ತರಲೆಂದು ಹಿಂಬಾಗಿಲು ತೆರೆದರು. ಒಂದು ಪಟ್ಟಿ ಹಗಲು ಬೆಳಕು ಒಳಗೆ ಬಂದು ಕೆಂಪಿನ ಕೆಳಗಿನ ಮೂಲೆಗೆ ಬಿತ್ತು. ಶಂಕರಮ್ಮ ಅತ್ತ ತಿರುಗಿದಳು. ಕೆಂಪು ಎರಡಾಗಿತ್ತು! ಒಂದು ಕೆಂಪಿನ ಮೇಲೆ ಇನ್ನೊಂದು ಕೆಂಪು, ಸೊಟ್ಟ ಸೊಟ್ಟನೆ, ಅಕ್ಷರದ ಹಾಗೆ. ಹತ್ತಿರ ಹೋಗಿ ಬಗ್ಗುವಷ್ಟರಲ್ಲಿ ಬಾಗಿಲು ಮುಚ್ಚಿತು, ಮತ್ತೆ ಬರೀ ಕೆಂಪು. ಅವಳು ಬಾಗಿಲು ತೆರೆಯಲು ಹೋದಳು. "ಅದನ್ನ ತೆಗೀಬೇಡಿ, ಧೂಳು ಬರುತ್ತೆ" ಎಂದು ರಶ್ಮಿ ತಡೆದಳು. ಅಷ್ಟರಲ್ಲಿ ಸರ್ ಎಲ್ಲರನ್ನೂ ಹೊರಡಿಸಿದರು.

ಶಂಕರಮ್ಮ ಆ ಕೆಂಪನ್ನೇ ಆರಿಸಿಕೊಂಡಳು. ಎರಡು ದಿನ ಕೂತು, ಹೊಡೆದು ತಿದ್ದಿ ಎರಡು ಪುಟ ಬರೆದಳು. "ಈ ಚಿತ್ರದಲ್ಲಿ ಎರಡು ಕೆಂಪುಗಳಿವೆ. ಒಂದರ ಮೇಲೆ ಇನ್ನೊಂದರಿಂದ ಏನೋ ಬರೆದಿದ್ದಾರೆ. ನನಗೆ ಓದಲು ಆಗಲಿಲ್ಲ. ಆದರೆ ಇದು ಮೌನವಲ್ಲ. ದೀಪ ತಪ್ಪಾಗಿದೆ" ಎಂದು ಶುರುಮಾಡಿ, ಬಲ್ಬಿನ ಬೆಳಕು ಹೇಗೆ ಮೋಸ ಮಾಡುತ್ತದೆ ಎಂಬುದನ್ನು ತನಗೆ ತಿಳಿದಂತೆ ಬರೆದಳು.

ಶುಕ್ರವಾರ ಉತ್ತರಗಳು ವಾಪಸು ಬಂದವು. ಶಂಕರಮ್ಮನಿಗೆ ಹತ್ತಕ್ಕೆ ಎರಡು. ಕೆಳಗೆ, "ಕಲ್ಪನೆ ಚೆನ್ನಾಗಿದೆ. ಆದರೆ ಚಿತ್ರದಲ್ಲಿ ಇಲ್ಲದ್ದನ್ನು ಬರೆಯಬಾರದು" ಎಂಬ ಷರಾ. ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಫೇಲಾದ್ದಕ್ಕಲ್ಲ. ಕಂಡದ್ದನ್ನು ಕಂಡೆ ಎಂದವಳನ್ನು ಸುಳ್ಳಿ ಎಂದಹಾಗಾಯಿತಲ್ಲ!

ಕ್ಲಾಸು ಬಿಟ್ಟ ಮೇಲೆ ಸರ್ ಹತ್ತಿರ ಹೋಗಿ, "ಸರ್, ನಾನು ಕಣ್ಣಾರೆ ನೋಡಿದೀನಿ. ಅದರಲ್ಲಿ ಬರಹ ಇದೆ" ಎಂದಳು.

"ಶಂಕರಮ್ಮ ಅವರೇ, ನಾವು ನಲವತ್ತು ಜನ ನೋಡಿದ್ವಿ. ಚಿತ್ರ ಬರೆದವರ ಮಗಳೇ ಅಲ್ಲಿದ್ರು. ಯಾರಿಗೂ ಕಾಣದೆ ಇರೋದು ನಿಮಗೊಬ್ಬರಿಗೇ ಹೇಗೆ ಕಾಣುತ್ತೆ?" ಎಂದರು ಸರ್. ಗದರಲಿಲ್ಲ, ಸಮಾಧಾನದಿಂದಲೇ ಹೇಳಿದರು. "ಬೇಕಾದ್ರೆ ಸೋಮವಾರದೊಳಗೆ ಇನ್ನೊಂದು ಸಲ ಬರೆದು ಕೊಡಿ, ಅಂಕ ಕೊಡೋಣ."

ಹೊರಗೆ ಅಮೂಲ್ಯ ಕಾಯುತ್ತಿದ್ದಳು. ಹತ್ತೊಂಬತ್ತರ ಹುಡುಗಿ, ಕ್ಲಾಸಿನಲ್ಲಿ ಶಂಕರಮ್ಮನ ಪಕ್ಕದಲ್ಲೇ ಕೂರುವವಳು. ಕೆಂಪಿನ ಮೌನದ ಬಗ್ಗೆ ಬರೆದು ಒಂಬತ್ತು ಅಂಕ ತೆಗೆದು, ಭಾನುವಾರ ಓದಲು ಆಯ್ಕೆಯಾಗಿದ್ದವಳು ಇವಳೇ. "ಆಂಟಿ, ಸುಮ್ನೆ ಮೌನ ಅಂತ ಬರೆದು ಕೊಟ್ಬಿಡಿ. ನಂದೇ ನೋಡ್ಕೊಂಡು ಬರೀರಿ, ನಂಗೇನೂ ಬೇಜಾರಿಲ್ಲ" ಎಂದಳು.

"ಇಲ್ಲ ಕಣೇ. ಅಲ್ಲಿ ಮಾತಾಡ್ತಾ ಇರೋರನ್ನ ಮೂಗರು ಅಂತ ಹೆಂಗೆ ಬರೀಲಿ?" ಎಂದಳು ಶಂಕರಮ್ಮ. ಭಾನುವಾರ ಸಂಜೆ ಚಿತ್ರಗಳನ್ನು ಇಳಿಸಿ, ಕಟ್ಟಿ, ಹುಬ್ಬಳ್ಳಿಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಅಷ್ಟರೊಳಗೆ ತೋರಿಸದಿದ್ದರೆ ಜನ್ಮದಲ್ಲಿ ತೋರಿಸಲಾಗದು.

ಅಂದು ಮಧ್ಯಾಹ್ನ ಅಂಗಡಿಯಲ್ಲಿ ಅವಳ ಮುಖ ಊದಿಕೊಂಡಿದ್ದನ್ನು ಕಂಡು ಶಿವಯೋಗಪ್ಪನವರು ವಿಚಾರಿಸಿದರು. ಎಲ್ಲ ಕೇಳಿ ಹೊಟ್ಟೆ ಅಲ್ಲಾಡಿಸಿಕೊಂಡು ನಕ್ಕರು. "ನಿಮ್ಮ ಮೇಷ್ಟ್ರನ್ನ ಒಂದು ವಾರ ನಮ್ಮ ಅಂಗಡೀಲಿ ನಿಲ್ಲಿಸಬೇಕು ಕಣಮ್ಮ. ಹೋಗು, ತೋರಿಸಿ ಬಾ. ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಬಟ್ಟೆ ತಗೊಂಡೇ ಹೋಗು" ಎಂದರು.

ಆ ಮಾತು ಅವಳಿಗೆ ನಾಟಿತು. ಶನಿವಾರ ಗಿರಾಕಿಗಳ ನಡುವೆ ಬಿಡುವು ಮಾಡಿಕೊಂಡು ಹದಿನೇಳು ಕೆಂಪನ್ನೂ ಮತ್ತೆ ಎಳೆದಳು. ಗ್ಯಾಲರಿಯ ದೀಪದಂಥದ್ದೇ ಹಳದಿ ಬಲ್ಬು ಹಾಕಿ ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಬಲ್ಬಿಗೆ ಒಂದೇ ಆಗಿ ಕಂಡು ಹಗಲಿಗೆ ಬೇರೆಯಾಗುವ ಜೋಡಿ ಬೇಕಿತ್ತು. ಸಂಜೆಯ ಹೊತ್ತಿಗೆ ಸಿಕ್ಕಿತು. ಒಂದು ರುಬಿಯಾ ಬಟ್ಟೆ, ಇನ್ನೊಂದು ಪಾಪ್ಲಿನ್ ಬಟ್ಟೆ. ಕಾಲು ಕಾಲು ಮೀಟರ್ ಹರಿದು ಬ್ಯಾಗಿಗೆ ಹಾಕಿಕೊಂಡಳು.

ಭಾನುವಾರ ಹತ್ತು ಗಂಟೆಗೆ ಗ್ಯಾಲರಿಯಲ್ಲಿ ಮುಖ್ಯ ಅತಿಥಿಗಳೂ ಸೇರಿ ಮೂವತ್ತು ನಲವತ್ತು ಜನ ಇದ್ದರು. ಅಮೂಲ್ಯ ಹೊಸ ಚೂಡಿದಾರ ಹಾಕಿ, ಓದಬೇಕಾದ ಹಾಳೆ ಹಿಡಿದು ನಿಂತಿದ್ದಳು. ಶಂಕರಮ್ಮ ನೇರ ರಶ್ಮಿಯ ಬಳಿಗೆ ಹೋದಳು.

"ಮೇಡಂ, ಆ ಕೆಂಪು ಚಿತ್ರವನ್ನ ಒಂದೈದು ನಿಮಿಷ ಹೊರಗೆ ತಗೊಂಡು ಹೋಗೋಣ. ಅದರಲ್ಲಿ ನಿಮ್ಮ ತಂದೆ ಏನೋ ಬರೆದಿದಾರೆ."

ರಶ್ಮಿ ಗಾಬರಿಯಾದಳು. "ಏನ್ರೀ ಹೇಳ್ತಿದೀರಾ? ಅಷ್ಟು ದೊಡ್ಡ ಗಾಜು, ಒಡೆದ್ರೆ? ಅದು ಅಪ್ಪನ ಮಂಚದ ಕೆಳಗೆ ಸುತ್ತಿಟ್ಟಿದ್ದ ಚಿತ್ರ. ಬರೆದಿದ್ರೆ ನಂಗೆ ಹೇಳ್ತಿರಲಿಲ್ವಾ?"

ಪ್ರಸನ್ನಕುಮಾರ್ ಸರ್ ಮುಜುಗರದಿಂದ ಹತ್ತಿರ ಬಂದರು. "ಶಂಕರಮ್ಮ ಅವರೇ, ಇವತ್ತು ಬೇಡ..."

ಶಂಕರಮ್ಮ ಬ್ಯಾಗಿನಿಂದ ಎರಡು ತುಂಡು ತೆಗೆದು ಹಳದಿ ದೀಪದ ಕೆಳಗೆ ಹಿಡಿದಳು. "ಸರ್, ಇವೆರಡರ ಬಣ್ಣ ಒಂದೇನಾ, ಬೇರೆನಾ?"

ಸರ್ ನೋಡಿದರು. "ಒಂದೇ."

"ಮೇಡಂ, ನೀವು?"

"ಒಂದೇ" ಎಂದಳು ರಶ್ಮಿ. ಸುತ್ತ ನಿಂತವರೂ ಒಂದೇ ಎಂದರು. ಶಂಕರಮ್ಮ ನಡೆದುಹೋಗಿ ಹಿಂಬಾಗಿಲನ್ನು ದಢಾರನೆ ತೆರೆದು, ಹೊಸ್ತಿಲ ಮೇಲೆ ನಿಂತು ಅವೇ ತುಂಡುಗಳನ್ನು ಎತ್ತಿ ಹಿಡಿದಳು. ಒಂದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ದಾಳಿಂಬೆಯ ಕಡೆಗೆ. "ಅಯ್ಯೋ!" ಎಂದು ಅಮೂಲ್ಯ ಕೂಗಿದಳು. ಸರ್ ತುಂಡುಗಳನ್ನು ಕೈಗೆ ತೆಗೆದುಕೊಂಡು ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಮೂರನೇ ಸಲ ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು.

"ಚಿತ್ರ ಇಳಿಸೋಣ ಮೇಡಂ. ಒಡೆದ್ರೆ ನಾನು ಜವಾಬ್ದಾರಿ" ಎಂದರು.

ನಾಲ್ಕು ಜನ ಸೇರಿ ಇಳಿಸಿದರು. ಹಿತ್ತಿಲಿಗೆ ತಂದು, ಫಳಫಳ ಬಿಸಿಲಿನ ನಡುವೆ ನಿಲ್ಲಿಸಿದರು. ಎಲ್ಲರೂ ಬಗ್ಗಿ ನೋಡಿದರು. ಗಾಜಿನ ತುಂಬ ಆಕಾಶ, ಸೂರ್ಯ ಮತ್ತು ನೋಡುವವರ ಮುಖಗಳು, ಬೇರೇನೂ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಇಲ್ವಲ್ರೀ" ಎಂದಳು ರಶ್ಮಿ. ಅವಳ ದನಿ ಸಪ್ಪಗಾಗಿತ್ತು.

ಶಂಕರಮ್ಮನೂ ಒಂದು ಗಳಿಗೆ ಗಾಜನ್ನೇ ನೋಡಿದಳು. ಮರುಗಳಿಗೆಯೇ ಅಂಗಡಿಯ ಜೋರು ಬಂದುಬಿಟ್ಟಿತು. "ಬಿಸಿಲಲ್ಲಿ ಯಾರಾದ್ರೂ ಬಣ್ಣ ನೋಡ್ತಾರಾ? ಕಣ್ಣು ಕುಕ್ಕುತ್ತೆ, ಏನೂ ಕಾಣಲ್ಲ. ಹಗಲಿನ ಬೆಳಕು ಇರಬೇಕು, ಬಿಸಿಲು ಬೀಳಬಾರದು. ಎತ್ತಿ ಅದನ್ನ! ಆ ಸೂರಿನ ಕೆಳಗೆ, ನೆರಳಿಗೆ ತನ್ನಿ. ಇನ್ನೂ ಹಿಂದಕ್ಕೆ. ಒಂಚೂರು ಓರೆ ಮಾಡಿ. ಹಾಂ, ಅಷ್ಟೇ, ಬಿಡಿ."

ಎತ್ತಿಕೊಂಡಿದ್ದ ನಾಲ್ವರಲ್ಲಿ ಪ್ರಸನ್ನಕುಮಾರ್ ಸರ್ ಒಬ್ಬರು. ಅವಳು ಹೇಳಿದ ಹಾಗೆ ಅವರೂ ಕೇಳಿದರು.

ಕೆಂಪಿನೊಳಗಿಂದ ಇನ್ನೊಂದು ಕೆಂಪು ಮೆಲ್ಲಗೆ ಮೇಲೆ ಬಂತು. ಮೊದಲು ಕೆಳಗಿನ ಮೂಲೆಯಲ್ಲಿ, ಆಮೇಲೆ ನಡುವೆ, ಆಮೇಲೆ ಇಡೀ ಕಾಗದದಲ್ಲಿ. ದುಂಡು ದುಂಡು ಅಕ್ಷರಗಳು, ಅಂಗೈ ಅಗಲದವು. ರಶ್ಮಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. "ಅಪ್ಪನ ಅಕ್ಷರ" ಎಂದಳು. ಸರ್ ಗಟ್ಟಿಯಾಗಿ ಓದಿದರು:

"ಬಣ್ಣವನ್ನು ದೀಪದ ಕೆಳಗೆ ನಂಬಬೇಡ ಎಂದು ನನಗೆ ಮೊದಲ ದಿನವೇ ಹೇಳಿಕೊಟ್ಟರು. ನೀವು ಇದನ್ನು ನೆರಳಿನ ಬೆಳಕಿಗೆ ತಂದು ಓದುತ್ತಿದ್ದೀರಿ. ಹಾಗಾದರೆ ನೀವು ನಮ್ಮ ಕೆಲಸದವರು."

ಶಂಕರಮ್ಮನ ಕಣ್ಣು ತುಂಬಿ ಬಂತು. ಅವಳು ಒರೆಸಿಕೊಳ್ಳಲು ಹೋಗಲಿಲ್ಲ. ನಲವತ್ತು ಜನರ ನಡುವೆ ಆ ಮಾತು ತನಗೊಬ್ಬಳಿಗೇ ಬರೆದದ್ದು ಎಂದು ಅವಳಿಗೆ ಗೊತ್ತಿತ್ತು. ಅಲ್ಲಿದ್ದವರಿಗೂ ಗೊತ್ತಾಯಿತು. ಚಪ್ಪಾಳೆ ಶುರುಮಾಡಿದವಳು ಅಮೂಲ್ಯ. ತನ್ನ ಒಂಬತ್ತು ಅಂಕದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿ, "ಸರ್, ನಂದು ಬೇಡ. ಆಂಟಿ ಬರೆದಿದ್ದನ್ನ ಓದ್ಸಿ" ಎಂದಳು. ಹುಡುಗಿಯ ದೊಡ್ಡ ಮನಸ್ಸನ್ನು ಮೆಚ್ಚಬೇಕು.

ರಶ್ಮಿ ಕಾಗದನಗರದ ಮನೆಯಲ್ಲಿದ್ದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ಹಾಸಿಗೆಯ ಮೇಲೆ ದಿಂಬಿಗೊರಗಿದ್ದ ಮುರುಗೇಶಪ್ಪನವರ ಮುಖ ಕಾಣಿಸಿತು. "ಅಪ್ಪಾ, ಕೆಂಪು ಚಿತ್ರದಲ್ಲಿ ಬರೆದಿದ್ದು ಕಾಣಿಸ್ತು! ನಂಗ್ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಏನು ಮಜಾ? ಪ್ರದರ್ಶನ ಶುರುವಾದಾಗಿಂದ ಕಾಯ್ತಿದೀನಿ, ಯಾರಾದ್ರೂ ಫೋನ್ ಮಾಡ್ತಾರಾ ಅಂತ. ಕೊನೇ ದಿನ ಬಂತು, ಇನ್ನಿಲ್ಲ ಬಿಡು ಅಂದ್ಕೊಂಡಿದ್ದೆ" ಎಂದರು ಮುದುಕರು. "ಯಾರು ಹಿಡಿದಿದ್ದು? ನಮ್ಮ ಕಾರ್ಖಾನೆಯೋರಾ?"

"ಅಲ್ಲ ಅಪ್ಪಾ. ಗಾಂಧಿ ಬಜಾರಿನ ಮ್ಯಾಚಿಂಗ್ ಸೆಂಟರ್‌ನೋರು" ಎಂದು ರಶ್ಮಿ ಫೋನನ್ನು ಶಂಕರಮ್ಮನ ಕೈಗೆ ಕೊಟ್ಟಳು.

ಮುರುಗೇಶಪ್ಪನವರು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು. ಶಂಕರಮ್ಮ ನಮಸ್ಕಾರ ಹೇಳುವುದನ್ನೂ ಮರೆತು, ಚಿತ್ರ ಕಂಡ ದಿನದಿಂದ ತಲೆ ಕೊರೆಯುತ್ತಿದ್ದುದನ್ನು ಕೇಳಿಬಿಟ್ಟಳು. "ಅಜ್ಜಾರೆ, ಅಕ್ಷರದ ಕೆಂಪಿಗೆ ಒಂಚೂರು ನೀಲಿ ಹಾಕಿದೀರಿ ಅಲ್ವಾ?"

ಮುದುಕರ ಮುಖವೆಲ್ಲ ನಗುವಾಯಿತು. "ಅರ್ಧ ಚಮಚ ತಾಯಿ! ಒಂದು ಚಮಚ ಹಾಕಿದ್ರೆ ಬಲ್ಬಲ್ಲೂ ಕಂಡುಬಿಡುತ್ತೆ. ಎಷ್ಟು ಹಾಳೆ ಕೆಡಿಸಿದೆ ಗೊತ್ತಾ ಆ ಅರ್ಧ ಚಮಚಕ್ಕೆ?"

"ಗೊತ್ತು ಅಜ್ಜಾರೆ. ನಾನೊಂದು ಮದುವೆ ರವಿಕೆಯನ್ನೇ ಕೆಡಿಸಿದೀನಿ" ಎಂದಳು ಶಂಕರಮ್ಮ. ಇಬ್ಬರೂ ನಕ್ಕರು. ಆಮೇಲೆ ಹತ್ತು ನಿಮಿಷ ಅವರದೇ ಮಾತು. ಯಾವ ನೀಲಿ, ಯಾವ ಹೊತ್ತಿನ ಬೆಳಕು, ಯಾವ ಕೆಂಪು ಒಗೆದರೆ ಬಿಡುತ್ತದೆ, ಯಾವುದು ಬಿಡುವುದಿಲ್ಲ. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಕಾರ್ಯಕ್ರಮ ಹಾಗೇ ನಿಂತಿತ್ತು. ನಿಲ್ಲಲಿ ಬಿಡಿ.

ಫೋನಿಟ್ಟು ತಿರುಗಿದರೆ ಪ್ರಸನ್ನಕುಮಾರ್ ಸರ್ ಎದುರಿಗೇ ನಿಂತಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಬಿಚ್ಚಿದ ಪೆನ್ನು. ಆ ಎರಡು ತುಂಡು ಬಟ್ಟೆಯನ್ನು ಅವರಿನ್ನೂ ವಾಪಸು ಕೊಟ್ಟಿರಲಿಲ್ಲ.

"ತಪ್ಪಾಯ್ತು ಶಂಕರಮ್ಮ ಅವರೇ. ನೋಡದೆ ಇದ್ದಿದ್ದು ನಾನು. ಇಷ್ಟು ವರ್ಷ ಬಣ್ಣದ ಪಾಠ ಮಾಡಿದೀನಿ, ಈ ವಿದ್ಯೆ ನಂಗೆ ಗೊತ್ತೇ ಇರಲಿಲ್ಲ" ಎಂದರು. "ಇದು ಹೇಗಾಗುತ್ತೆ ಅಂತ ನಂಗೆ ಮೊದಲಿಂದ ಹೇಳಿಕೊಡ್ತೀರಾ?"

ವಿದ್ಯೆ ಎಂದಿದ್ದರು ಸರ್. ಶಂಕರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬನ್ನಿ ಸರ್. ಮೊದಲು ಆ ಬಿಸಿಲು ಬಿಟ್ಟು ಈಚೆ ನಿಂತ್ಕೊಳ್ಳಿ. ಹೇಳ್ತೀನಿ."